ಏನು ತಿಂದಿರಿ ಎಂದು ಕೇಳುವ ಮೊದಲು

ವಾಂತಿ-ಭೇದಿ ಎದ್ದ ಊರಿಗೆ ನಾವು ಹೋಗುವಷ್ಟರಲ್ಲಿ ಕಾರಣ ಅಲ್ಲಿ ತಯಾರಾಗಿರುತ್ತದೆ. "ಆ ಕೇರಿಯವರು ಜಾತ್ರೆಯಲ್ಲಿ ಏನೋ ತಿಂದಿದ್ದಾರೆ ಸರ್." "ಅವರಿಗೆ ಸ್ವಚ್ಛತೆ ಅಂದ್ರೇನು ಅಂತಲೇ ಗೊತ್ತಿಲ್ಲ." ಹೀಗೆ ಹೇಳುವವರಲ್ಲಿ ಊರಿನ ಹಿರಿಯರಿರುತ್ತಾರೆ, ಕೆಲವೊಮ್ಮೆ ನಮ್ಮದೇ ಸಿಬ್ಬಂದಿಯಿರುತ್ತಾರೆ. ಸಮುದಾಯ ಆರೋಗ್ಯ ವೈದ್ಯನಾಗಿ ಮೊದಲ ಕೆಲವು ವರ್ಷ ನಾನೂ ಅದನ್ನೇ ಬರೆದುಕೊಂಡೆ. ಏನು ತಿಂದರು, ಕೈ ತೊಳೆದರೇ ಎಂಬ ಕಾಲಂಗಳು ನನ್ನ ನೋಟ್‌ಬುಕ್‌ನಲ್ಲಿದ್ದವು. ನಳ ಬಂದು ಎಷ್ಟು ದಿನವಾಯ್ತು ಎಂಬ ಕಾಲಂ ಇರಲಿಲ್ಲ.

ಅದನ್ನು ಬರೆಸಿದ್ದು ಉತ್ತರ ಕರ್ನಾಟಕದ ಒಂದು ಹಳ್ಳಿಯ ಅಜ್ಜಿ. ನೀರು ಕುದಿಸಿ ಕುಡಿಯಿರಿ ಎಂದು ನಾನು ಹೇಳುತ್ತಿದ್ದೆ. "ಯಪ್ಪಾ, ಎಂಟ್ ದಿನಕ್ಕೊಮ್ಮಿ ನಳ ಬರ್ತಾವ. ಮೊದಲಿನ ನಾಕ್ ಕೊಡ ನಾರ್ತಾವ. ಅವನ್ನ ಚೆಲ್ಲಿದ್ರ ಉಳಿದದ್ದು ಯಾರಿಗಿ ಸಾಲ್ತೈತಿ? ಕುದಿಸಾಕ ಕಟ್ಟಿಗಿ ಯಾರ್ ಕೊಡ್ತಾರ?" ಎಂದಳು. ಆಮೇಲೆ ಮನೆ ಹಿಂದೆ ಕರೆದುಕೊಂಡು ಹೋಗಿ ತೋರಿಸಿದಳು. ಪೈಪು ಚರಂಡಿಯೊಳಗೇ ಹಾದಿತ್ತು. ಜಾಯಿಂಟಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿ ಬಿಗಿದಿದ್ದರು. ಅದರ ಮೇಲೆ ಚರಂಡಿಯ ಕಪ್ಪು ನೀರು ನಿಂತಿತ್ತು.

ಪೈಪಿನಲ್ಲಿ ನೀರು ಒತ್ತಡದಿಂದ ಹರಿಯುವಾಗ ಸೀಳಿನಿಂದ ನೀರು ಹೊರಗೆ ಸೋರುತ್ತದೆ. ನೀರು ನಿಂತಿತೆನ್ನಿ, ಒತ್ತಡ ಇಳಿದು ಹೊರಗಿನ ಕೊಳೆಯೇ ಒಳಗೆ ಬರುತ್ತದೆ. ದಿನವೂ ನೀರು ಬರುವ ಬೀದಿಗೂ ವಾರಕ್ಕೊಮ್ಮೆ ಬರುವ ಬೀದಿಗೂ ಇರುವ ವ್ಯತ್ಯಾಸ ಇದೇ. ಲೈನಿನ ಕೊನೆಗೆ ಯಾವ ಕೇರಿ ಇರುತ್ತದೆ ಎಂಬುದನ್ನು ನಮ್ಮ ಊರುಗಳನ್ನು ಬಲ್ಲವರಿಗೆ ಹೇಳಬೇಕಿಲ್ಲ.

1991ರ ಜನವರಿಯಲ್ಲಿ ಪೆರು ದೇಶದಲ್ಲಿ ಕಾಲರಾ ಕಾಣಿಸಿಕೊಂಡಾಗ ಮೊದಲು ಸಿಕ್ಕಿಬಿದ್ದದ್ದು ಅಲ್ಲಿನ ಜನ ಇಷ್ಟಪಟ್ಟು ತಿನ್ನುವ ಹಸಿ ಮೀನಿನ ತಿನಿಸು. ಆದರೆ ತ್ರುಹಿಯೊ ನಗರದಲ್ಲಿ ತನಿಖೆಗೆ ಇಳಿದವರಿಗೆ ಮುಖ್ಯ ದಾರಿಯಾಗಿ ಕಂಡದ್ದು ಕುಡಿಯುವ ನೀರು. ಅಲ್ಲಿ ನಳದ ನೀರಿಗೆ ಕ್ಲೋರಿನ್ ಬೆರೆಸುತ್ತಿರಲಿಲ್ಲ. ಮರುವರ್ಷ ರೋಗ ವೆನೆಜುವೆಲಾದ ಒರಿನೊಕೊ ನದೀಮುಖಜ ಭೂಮಿಗೆ ಬಂತು. ಸುಮಾರು 500 ವರಾವೊ ಬುಡಕಟ್ಟಿನವರು ಸತ್ತರೆಂದು ಅಂದಾಜು. ಅವರಿಗೆ ಶುದ್ಧ ನೀರಿರಲಿಲ್ಲ, ಶೌಚಾಲಯವಿರಲಿಲ್ಲ, ಆಸ್ಪತ್ರೆ ದೋಣಿಯಲ್ಲಿ ಹೋಗಬೇಕಾದಷ್ಟು ದೂರ. ಅಧಿಕಾರಿಗಳ ಬಾಯಲ್ಲಿ ಬಂದದ್ದು ಮಾತ್ರ ಅವರು ತಿನ್ನುವ ಏಡಿ ಮತ್ತು ಅವರ 'ಸಂಸ್ಕೃತಿ'. ಬಡವರ ತಟ್ಟೆಯತ್ತ ಬೆರಳು ತೋರಿಸಿದರೆ ಯಾರೂ ಪೈಪು ಹಾಕಬೇಕಿಲ್ಲ.

ದೂರದ ಮಾತೇಕೆ? 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಸತ್ತವರು ದಲಿತರ ಕೇರಿಯವರು.

ಜನ ತಿಳಿಗೇಡಿಗಳು ಎನ್ನುವವರಿಗೆ ನಾನು 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ನಿರಾಶ್ರಿತರ ಶಿಬಿರದ ಕಥೆ ಹೇಳುತ್ತೇನೆ. ಬಾಂಗ್ಲಾ ಯುದ್ಧದ ಕಾಲ, ಕಾಲರಾ ಹಬ್ಬಿತ್ತು, ಸಲೈನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆಯ ದ್ರಾವಣ ಮಾಡಿಸಿ ರೋಗಿಗಳ ಮನೆಯವರ ಕೈಗೇ ಕೊಟ್ಟರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಕುಡಿಸಿದವರು ಎಲ್ಲ ಕಳೆದುಕೊಂಡು ಬಂದಿದ್ದ ತಾಯಂದಿರು, ಅಕ್ಕಂದಿರು.

ಕೈ ತೊಳೆಯಿರಿ ಎನ್ನುವುದು ತಪ್ಪಲ್ಲ, ನಾನು ಈಗಲೂ ಹೇಳುತ್ತೇನೆ. ಆದರೆ ಬೈಗುಳವಾಗಿ ಹೇಳಿದ ಬುದ್ಧಿಮಾತು ಜೀವ ತೆಗೆಯುತ್ತದೆ. ಕಾಲರಾದಲ್ಲಿ ಕೆಲವೇ ಗಂಟೆಗಳಲ್ಲಿ ಮೈಯ ನೀರೆಲ್ಲ ಬಸಿದುಹೋಗಬಹುದು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕರೆ ನೂರಕ್ಕೆ ಒಬ್ಬರೂ ಸಾಯಬೇಕಿಲ್ಲ. ಆ ಅಜ್ಜಿಯ ಕೇರಿಯ ಸೊಸೆಯೊಬ್ಬಳು 'ಗಲೀಜಿನವರು' ಅನ್ನಿಸಿಕೊಳ್ಳುವ ಅಂಜಿಕೆಗೆ ರಾತ್ರಿಯಿಡೀ ಹೇಳದೆ ಮಲಗಿದ್ದಳು. ಬೆಳಿಗ್ಗೆ ತಂದಾಗ ಕಣ್ಣು ಗುಳಿಬಿದ್ದಿದ್ದವು, ನಾಡಿ ಸಿಗುತ್ತಿರಲಿಲ್ಲ. ಎರಡೂ ಕೈಗೆ ಸಲೈನ್ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ಮಾತು ಬಂತು. ನೀರು ಕೇಳುತ್ತಾಳೇನೋ ಎಂದು ಬಗ್ಗಿದೆ.

"ನಾವು ದಿನಾ ಕೈ ತೊಳಕೊಂತೀವ್ರಿ" ಅಂದಳು.