925 ಮುದ್ರೆ ಇದ್ದರೂ ಕಾಲ್ಗೆಜ್ಜೆ ಯಾಕೆ ಕಿತ್ತುಹೋಗುತ್ತದೆ?

ಓದುಗರ ಪ್ರಶ್ನೆ: ಮಗಳಿಗೆ ಬೆಳ್ಳಿ ಕಾಲ್ಗೆಜ್ಜೆ ತಂದೆವು. 925 ಅಂತ ಮುದ್ರೆ ಇದೆ. ಆದರೂ ಕೆಲವೇ ತಿಂಗಳಲ್ಲಿ ಹುಕ್ಕಿನ ಹತ್ತಿರ ಕಿತ್ತುಹೋಯಿತು. ಹಾಗಾದರೆ ಮುದ್ರೆ ಸುಳ್ಳಾ?

ಸುಳ್ಳೇ ಆಗಿರಬೇಕು ಅಂತೇನಿಲ್ಲ. ಬೆಳ್ಳಿ ಎಷ್ಟಿದೆ ಅನ್ನುವುದನ್ನಷ್ಟೇ ಮುದ್ರೆ ಹೇಳುತ್ತದೆ, ಕೆಲಸ ಹೇಗಿದೆ ಅಂತ ಹೇಳುವುದಿಲ್ಲ. 925 ಅಂದರೆ ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ತಾಮ್ರ ಸೇರಿಸುವುದು ಮೋಸ ಅಲ್ಲ. ಅಪ್ಪಟ ಬೆಳ್ಳಿ ತುಂಬಾ ಮೆದು, ದಿನಾ ಹಾಕಿಕೊಂಡು ಓಡಾಡುವ ಗೆಜ್ಜೆಗೆ ಬಾಳಿಕೆ ಬರುವುದಿಲ್ಲ.

ಗೆಜ್ಜೆ ಕೀಳುವುದು ಹೆಚ್ಚಾಗಿ ಜೋಡಿಸಿದ ಜಾಗದಲ್ಲಿ. ಅಂಗಡಿಯಲ್ಲಿ ಎಲ್ಲರೂ ಮುಂಭಾಗದ ಡಿಸೈನ್ ನೋಡುತ್ತಾರೆ, ನೀವು ತಿರುಗಿಸಿ ಹಿಂಭಾಗ ನೋಡಿ. ಹುಕ್ಕನ್ನೂ ಸರವನ್ನೂ ಸೇರಿಸುವ ಪುಟ್ಟ ರಿಂಗು ಇರುತ್ತದಲ್ಲ, ಕಾಲು ಎಲ್ಲಾದರೂ ಸಿಕ್ಕಿ ಎಳೆದಾಗ ಪೂರ್ತಿ ಭಾರ ಅದರ ಮೇಲೇ ಬೀಳುತ್ತದೆ. ಎಷ್ಟೋ ಗೆಜ್ಜೆಗಳಲ್ಲಿ ಅದು ತೆಳು ತಂತಿಯದ್ದು, ಬಾಯಿಗೆ ಬೆಸುಗೆಯೇ ಇರುವುದಿಲ್ಲ, ಸುಮ್ನೆ ಇಕ್ಕಳದಲ್ಲಿ ಒತ್ತಿ ಮುಚ್ಚಿರುತ್ತಾರೆ. ಉಗುರು ಆಡಿಸಿ ನೋಡಿ, ಸಂದು ಸಿಗುತ್ತದೆ. ಆಮೇಲೆ ಗೆಜ್ಜೆಯ ಮೇಲೆ ಸೀರೆ ಸೆರಗನ್ನೋ ಕರವಸ್ತ್ರವನ್ನೋ ಎಳೆಯಿರಿ. ದಾರ ಸಿಕ್ಕಿಕೊಂಡರೆ ಅಲ್ಲೊಂದು ಬಾಯಿ ತೆರೆದಿದೆ ಅಂತ ಅರ್ಥ.

ಬೆಸುಗೆಯಿಂದ ಇನ್ನೊಂದು ಪರಿಣಾಮವೂ ಇದೆ. ಬೆಸುಗೆ ಬೆಳ್ಳಿಗಿಂತ ಮೊದಲೇ ಕರಗಬೇಕು, ಅದಕ್ಕೇ ಅದರಲ್ಲಿ ತಾಮ್ರ, ಸತು ಜಾಸ್ತಿ ಇರುತ್ತದೆ. ಕೊಂಡಿ ಮೇಲೆ ಕೊಂಡಿ, ತುಂಬಾ ಗೆಜ್ಜೆಮಣಿ ಇರುವ ಒಡವೆಯಲ್ಲಿ ಬೆಸುಗೆಯೂ ಜಾಸ್ತಿ, ಹಾಗಾಗಿ ಇಡೀ ಒಡವೆ ಕರಗಿಸಿದಾಗ ಬೆಳ್ಳಿಯ ಪ್ರಮಾಣ ಇಳಿಯುತ್ತದೆ. ಅಂಗಡಿಯವರು ಇದನ್ನು 'ಟಚ್' ಲೆಕ್ಕದಲ್ಲಿ ಹೇಳುತ್ತಾರೆ. 80 ಟಚ್‌ನ 100 ಗ್ರಾಂ ಗೆಜ್ಜೆಯಲ್ಲಿ ಬೆಳ್ಳಿ 80 ಗ್ರಾಂ ಅಷ್ಟೇ. ಅದಕ್ಕೆ 100 ಗ್ರಾಂ ಅಪ್ಪಟ ಬೆಳ್ಳಿಯ ರೇಟು ಹಾಕಿ, ಮೇಲೆ ಮಜೂರಿ ಬೇರೆ ಸೇರಿಸಿದರೆ ನಷ್ಟ ನಿಮಗೇ ಅಲ್ವಾ? ಕೊಳ್ಳುವಾಗಲೇ ಕೇಳಿ: ಎಷ್ಟು ಟಚ್, ವಾಪಸ್ ತಂದರೆ ಯಾವ ಲೆಕ್ಕ, ಕಲ್ಲು ಮತ್ತು ಮೀನಾ (ಬಣ್ಣದ ಲೇಪ) ಕಳೆದರೆ ತೂಕ ಎಷ್ಟು. ಉತ್ತರ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಾಯಿಮಾತು ನೆಚ್ಚಿಕೊಳ್ಳಬೇಡಿ.

ಇನ್ನು ಮುದ್ರೆಯ ವಿಚಾರ. 925 ಅನ್ನುವ ಅಂಕಿ ಯಾರು ಬೇಕಾದರೂ ಒತ್ತಬಹುದು, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್ ಬೇರೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಯ ಹಾಲ್‌ಮಾರ್ಕ್‌ನಲ್ಲೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆ ಗುರುತಿನ ಸಂಖ್ಯೆ, ಬಂದಿದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಒಡವೆಯ ವಿವರ ಕಾಣುತ್ತದೆ. ಆದರೆ ಆಗ ಚಿನ್ನದ ಹಾಗೆ ಬೆಳ್ಳಿಗೆ ಇದನ್ನು ಕಡ್ಡಾಯ ಮಾಡಲಿಲ್ಲ. ಅದಕ್ಕೇ ನೀವಾಗಿಯೇ ಕೇಳಬೇಕು. ಅಂಗಡಿಯ ಎಕ್ಸ್‌ರೇ ಯಂತ್ರದಲ್ಲಿ ತೋರಿಸಿದರೂ ಅದು ಓದುವುದು ಮೇಲ್ಪದರವನ್ನಷ್ಟೇ, ಲೇಪನ ದಪ್ಪ ಇದ್ದರೆ ಒಳಗಿನದ್ದು ಗೊತ್ತಾಗುವುದಿಲ್ಲ. ಅಯಸ್ಕಾಂತ ಹಿಡಿದು ನೋಡುವುದಂತೂ ಸಾಲದು, ಹಿತ್ತಾಳೆ, ತಾಮ್ರ ಕೂಡ ಅದಕ್ಕೆ ಅಂಟುವುದಿಲ್ಲ. 'ಜರ್ಮನ್ ಸಿಲ್ವರ್' ಅಂದರೆ ತಾಮ್ರ, ನಿಕಲ್, ಸತು. ಬೆಳ್ಳಿ ಒಂದು ಚೂರೂ ಇಲ್ಲ. ಹಾಗೇ, ಗೆಜ್ಜೆ ಕಪ್ಪಾಯಿತು ಅಂತ ನಕಲಿ ಅನ್ನಬೇಡಿ. ಗಾಳಿಯಲ್ಲಿರುವ ಗಂಧಕದ ಅನಿಲ ತಾಗಿದರೆ ನಿಜವಾದ ಬೆಳ್ಳಿಯೇ ಕಪ್ಪಾಗುತ್ತದೆ.

ನಿಮ್ಮ ಗೆಜ್ಜೆ ಎಸೆಯಬೇಡಿ, ಮಾರಲೂ ಬೇಡಿ. ಅಕ್ಕಸಾಲಿಗರ ಹತ್ತಿರ ಒಯ್ದು ದಪ್ಪ ತಂತಿಯ ರಿಂಗು ಹಾಕಿಸಿ, ಬಾಯಿಗೆ ಬೆಳ್ಳಿ ಬೆಸುಗೆಯನ್ನೇ ಹಾಕಿ ಅಂತ ಹೇಳಿ, ಸೀಸ ಬೇಡ. ಕಿತ್ತಿರುವುದು ಒಂದೇ ಕಾಲಿನದ್ದಾದರೂ ಎರಡನ್ನೂ ಕೊಡಿ, ಇನ್ನೊಂದರ ರಿಂಗೂ ಅದೇ ತಂತಿಯದ್ದೇ ಆಗಿರುತ್ತದೆ.