ಅಂತಃಕರಣವೋ, ಅಂತಃಕರುಣೆಯೋ?

ಪ್ರಶ್ನೆ: ದಾವಣಗೆರೆಯ ನಮ್ಮ ಶಾಲೆಯಿಂದ ನಿವೃತ್ತರಾಗುತ್ತಿರುವ ಶಿಕ್ಷಕಿಯೊಬ್ಬರಿಗೆ ಸನ್ಮಾನಪತ್ರ ಸಿದ್ಧಪಡಿಸುತ್ತಿದ್ದೇವೆ. ಅವರ ಸ್ವಭಾವವನ್ನು ಹೇಳಲು ‘ಅಂತಃಕರಣ’ ಎಂದು ಬರೆಯಬೇಕೋ, ‘ಅಂತಃಕರುಣೆ’ ಎಂದೋ? ಈ ಪದ ಕರುಣೆಯಿಂದಲೇ ಹುಟ್ಟಿದ್ದಲ್ಲವೇ?

ಉತ್ತರ: ‘ಅಂತಃಕರಣ’ ಎಂಬುದೇ ಸರಿ. ಅರ್ಥ ಹತ್ತಿರವಾಗಿರುವುದರಿಂದ ‘ಅಂತಃಕರುಣೆ’ ಎಂದು ತಿದ್ದಿಕೊಳ್ಳುವವರು ಅನೇಕರಿದ್ದಾರೆ. ಆದರೆ ಇದು ಕರುಣೆಯಿಂದ ಹುಟ್ಟಿದ ಪದವಲ್ಲ.

‘ಕರಣ’ವೆಂದರೆ ಸಾಧನ. ‘ಕೃ’ ಎಂಬ ಸಂಸ್ಕೃತ ಧಾತುವಿನಿಂದ ಬಂದ ಈ ಮಾತೇ ‘ಉಪಕರಣ’ದಲ್ಲಿಯೂ ಇದೆ. ‘ಅಂತರ್’ ಎಂದರೆ ಒಳಗೆ. ‘ಅಂತರಾತ್ಮ’ದಲ್ಲಿ ಹಾಗೆಯೇ ಉಳಿಯುವ ಅದರ ರೇಫವು (‘ರ್’ ಧ್ವನಿಯು) ಕಕಾರ, ಪಕಾರಗಳ ಹಿಂದೆ ವಿಸರ್ಗವಾಗುವುದರಿಂದ ಅಂತಃಕರಣ, ಅಂತಃಪುರ ಎಂಬ ರೂಪಗಳಾಗುತ್ತವೆ. ಹೀಗೆ ಪದದ ಮೂಲಾರ್ಥ ‘ಒಳಗಿನ ಸಾಧನ’. ಸಾಂಖ್ಯವೆಂಬ ಪ್ರಾಚೀನ ದರ್ಶನದವರು ಐದು ಜ್ಞಾನೇಂದ್ರಿಯ, ಐದು ಕರ್ಮೇಂದ್ರಿಯಗಳನ್ನು ಹೊರಗಿನ 10 ಕರಣಗಳೆಂದೂ ಬುದ್ಧಿ, ಅಹಂಕಾರ, ಮನಸ್ಸುಗಳನ್ನು ಒಳಗಿನ 3 ಕರಣಗಳೆಂದೂ ಎಣಿಸಿದರು; ವೇದಾಂತಿಗಳು ಚಿತ್ತವನ್ನೂ ಸೇರಿಸಿ ಅಂತಃಕರಣ ಚತುಷ್ಟಯವೆಂದರು. ಅಲ್ಲಿ ದಯೆಯ ಸುಳಿವೇ ಇಲ್ಲ. ಹಿಂದಿಯಲ್ಲಿ ಇಂದಿಗೂ ಇದು ಹೆಚ್ಚಾಗಿ ಮನಸ್ಸಾಕ್ಷಿಯನ್ನೇ ಸೂಚಿಸುತ್ತದೆ.

ದಯೆಯ ಅರ್ಥವನ್ನು ಇದಕ್ಕೆ ತುಂಬಿದ್ದು ಆಡುಮಾತು, ಮತ್ತು ಅದು ಕನ್ನಡಕ್ಕೆ ಹೊಸ ದಾರಿಯೇನೂ ಅಲ್ಲ. ಕರುಳು ಎಲ್ಲರಿಗೂ ಇದ್ದರೂ ಮಕ್ಕಳ ಹಸಿವಿಗೆ ಮಿಡಿಯದವನನ್ನು ‘ಕರುಳಿಲ್ಲದವನು’ ಎನ್ನುತ್ತೇವೆ. ಹೃದಯ ಎಲ್ಲರಲ್ಲಿಯೂ ಬಡಿಯುತ್ತಿದ್ದರೂ ಕೆಲವರನ್ನು ಮಾತ್ರ ‘ಹೃದಯವಂತ’ರೆಂದು ಕರೆಯುತ್ತೇವೆ. ಒಳಗಿನ ಅಂಗದ ಹೆಸರು ಅದರ ಒಳ್ಳೆಯ ಗುಣಕ್ಕೇ ನಿಲ್ಲುವ ಈ ರೂಢಿಗೆ ಶಾಸ್ತ್ರದ ಪದವೂ ಒಳಗಾಯಿತು. ದಾವಣಗೆರೆ, ಚಿತ್ರದುರ್ಗದ ಕಡೆ ‘ಸ್ವಲ್ಪನಾದ್ರೂ ಅಂತಃಕರಣ ಬ್ಯಾಡ್ವಾ?’ ಎಂದು ಗದರುವವರಿಗೆ ಸಾಂಖ್ಯದ ಲೆಕ್ಕ ತಿಳಿದಿರಬೇಕಾಗಿಲ್ಲ. ಅವರು ಕೇಳುತ್ತಿರುವುದು ಇನ್ನೊಬ್ಬರ ಕಷ್ಟವನ್ನು ಅರಿಯುವ ಮನಸ್ಸನ್ನು.

ನನ್ನ ದೃಷ್ಟಿಯಲ್ಲಿ ಇದು ಕರುಣೆಗಿಂತ ವಿಶಾಲವಾದ ಪದ. ಕರುಣೆಗೆ ಎದುರಿನಲ್ಲೊಂದು ನೋವು ಬೇಕು. ಕಾವ್ಯಮೀಮಾಂಸೆಯಲ್ಲಿ ಕರುಣರಸದ ಸ್ಥಾಯಿಭಾವವೇ, ಅಂದರೆ ಅದರ ಮೂಲಭಾವವೇ, ಶೋಕ. ಅಂತಃಕರಣಕ್ಕೆ ಆ ಷರತ್ತಿಲ್ಲ. ತಡವಾಗಿ ಬಂದ ಹುಡುಗಿಯನ್ನು ಬೈಯದೆ ಮೊದಲು ಕೂರಿಸಿ ಊಟವಾಯಿತೇ ಎಂದು ವಿಚಾರಿಸುವುದೂ ಅಂತಃಕರಣವೇ, ಬುದ್ಧಿವಂತ ವಿದ್ಯಾರ್ಥಿಯ ಏಳಿಗೆಯನ್ನು ಕಂಡು ಮನಸಾರೆ ಹಿಗ್ಗುವುದೂ ಅಂತಃಕರಣವೇ. ಜೊತೆಗೆ, ಕರುಣೆಯಲ್ಲಿ ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಛಾಯೆ ಎಷ್ಟೋ ಸಲ ಸುಳಿಯುತ್ತದೆ. ಇದರಲ್ಲಿ ಅದು ಕಾಣದು.

ಆದ್ದರಿಂದ ಸನ್ಮಾನಪತ್ರದಲ್ಲಿ ‘ಅಂತಃಕರಣವುಳ್ಳ ಗುರುಮಾತೆ’ ಎಂದು ನಿಸ್ಸಂಕೋಚವಾಗಿ ಬರೆಯಿರಿ. ಅಚ್ಚಿಗೆ ಕೊಡುವಾಗ ವಿಸರ್ಗದ ಎರಡು ಸೊನ್ನೆಗಳು ಬಿಟ್ಟುಹೋಗದಂತೆ ನೋಡಿಕೊಳ್ಳಿ.