ಆ್ಯಶ್ಲಿ ಬಾರ್ಟಿ ಹದಿನೆಂಟನೇ ವಯಸ್ಸಿನಲ್ಲೇ ಟೆನಿಸ್‌ನಿಂದ ದೂರ ಸರಿದದ್ದು ಏಕೆ?

ಪ್ರಶ್ನೆ: ಜೂನಿಯರ್ ವಿಂಬಲ್ಡನ್ ಗೆದ್ದು, ಡಬಲ್ಸ್‌ನಲ್ಲಿ ಗ್ರ್ಯಾನ್‌ಸ್ಲಾಮ್ ಫೈನಲ್‌ಗಳನ್ನೂ ಆಡಿದ್ದ ಆಸ್ಟ್ರೇಲಿಯಾದ ಆ್ಯಶ್ಲಿ ಬಾರ್ಟಿ ಹದಿನೆಂಟರ ಹರೆಯದಲ್ಲಿ ಟೆನಿಸ್ ಬಿಟ್ಟು ಕ್ರಿಕೆಟ್ ಆಡಲು ಹೋದದ್ದೇಕೆ? ಆ ಅವಧಿ ಅವರ ವೃತ್ತಿಜೀವನಕ್ಕೆ ನಷ್ಟವಾಗಲಿಲ್ಲವೇ?

ಉತ್ತರ: ಪ್ರಶ್ನೆಯಲ್ಲಿರುವ ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಸರಿಪಡಿಸಬೇಕು. ಬಾರ್ಟಿ ಕ್ರಿಕೆಟ್‌ಗಾಗಿ ಟೆನಿಸ್ ಬಿಡಲಿಲ್ಲ. 2014ರ ಅಮೆರಿಕ ಓಪನ್ ಮುಗಿದ ಬಳಿಕ, ಸೆಪ್ಟೆಂಬರ್‌ನಲ್ಲಿ ಅವರು ವಿರಾಮ ಪ್ರಕಟಿಸಿದಾಗ ಕ್ರಿಕೆಟ್‌ನ ಪ್ರಸ್ತಾಪವೇ ಇರಲಿಲ್ಲ. ಅದು ಬಂದದ್ದು ಮರುವರ್ಷ, ಅದೂ ಬಹುಮಟ್ಟಿಗೆ ಆಕಸ್ಮಿಕವಾಗಿ. ಹಾಗಾಗಿ ಕ್ರಿಕೆಟ್ ಅವರನ್ನು ಸೆಳೆದದ್ದೇಕೆ ಎಂದು ಕೇಳುವ ಮೊದಲು, ಇನ್ನೂ ಸರಿಯಾಗಿ ಆರಂಭವೇ ಆಗಿರದ ವೃತ್ತಿಜೀವನ ಆ ಹುಡುಗಿಗೆ ಅಷ್ಟು ಭಾರವಾದದ್ದೇಕೆ ಎಂಬುದನ್ನು ನೋಡಬೇಕು.

ಬಾರ್ಟಿ ಹುಟ್ಟಿದ್ದು 1996ರ ಏಪ್ರಿಲ್ 24ರಂದು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಇಪ್ಸ್‌ವಿಚ್‌ನಲ್ಲಿ. ತಂದೆಯ ಕಡೆಯಿಂದ ಅವರು ನಗರಿಗೊ ಮೂಲನಿವಾಸಿ ಸಮುದಾಯಕ್ಕೆ ಸೇರಿದವರು. ವೆಸ್ಟ್ ಬ್ರಿಸ್ಬೇನ್ ಟೆನಿಸ್ ಸೆಂಟರ್‌ನಲ್ಲಿ ಅವರಿಗೆ ಮೊದಲ ಪಾಠ ಹೇಳಿಕೊಟ್ಟವರು ಜಿಮ್ ಜಾಯ್ಸ್. ಅಷ್ಟು ಚಿಕ್ಕ ಮಕ್ಕಳನ್ನು ಸಾಮಾನ್ಯವಾಗಿ ತರಬೇತಿಗೆ ಸೇರಿಸಿಕೊಳ್ಳದಿದ್ದ ಅವರು, ತಾವು ಎಸೆದ ಮೊದಲ ಚೆಂಡನ್ನೇ ಈ ಪುಟ್ಟ ಹುಡುಗಿ ತಮ್ಮನ್ನು ದಾಟಿಸಿ ಹೊಡೆದದ್ದನ್ನು ಕಂಡು ನಿಯಮ ಸಡಿಲಿಸಿದರು. ಎತ್ತರದ ಆಟಗಾರ್ತಿಯರ ಬಲವಾದ ಹೊಡೆತಗಳೇ ಮೇಲುಗೈ ಪಡೆದಿದ್ದ ಕಾಲದಲ್ಲಿ, ಸುಮಾರು 166 ಸೆಂಟಿಮೀಟರ್ ಎತ್ತರದ ಬಾರ್ಟಿ ಸ್ಲೈಸ್ (ಚೆಂಡಿನ ಅಡಿಯನ್ನು ಕೊಯ್ದಂತೆ ಹೊಡೆದು ಹಿಮ್ಮುಖವಾಗಿ ತಿರುಗಿಸುವ ಹೊಡೆತ), ವಾಲಿ (ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವುದು) ಮತ್ತು ವೇಗದ ಬದಲಾವಣೆಗಳಿಂದ ಎದುರಾಳಿಯನ್ನು ಕಾಡುವ ಆಟ ಕಲಿತರು. ನನಗೆ ಅವರ ಆಟದಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಆ ಸ್ಲೈಸ್ ಬ್ಯಾಕ್‌ಹ್ಯಾಂಡ್. ನೆಲ ಮುಟ್ಟಿದ ಮೇಲೆ ಏಳದೆ ಜಾರಿಕೊಂಡು ಹೋಗುವ ಆ ಚೆಂಡನ್ನು ಎತ್ತಲು ಎದುರಾಳಿ ಮಂಡಿ ಬಗ್ಗಿಸಲೇಬೇಕಾಗುತ್ತಿತ್ತು.

2011ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಅವರು ರಷ್ಯಾದ ಇರಿನಾ ಕ್ರೊಮಾಚೇವಾ ಅವರನ್ನು ಫೈನಲ್‌ನಲ್ಲಿ ಸೋಲಿಸಿ ವಿಂಬಲ್ಡನ್ ಬಾಲಕಿಯರ ಪ್ರಶಸ್ತಿ ಗೆದ್ದರು. 1980ರಲ್ಲಿ ಡೆಬಿ ಫ್ರೀಮನ್ ಗೆದ್ದ ಬಳಿಕ ಆಸ್ಟ್ರೇಲಿಯಾದ ಯಾವ ಹುಡುಗಿಗೂ ಆ ಪ್ರಶಸ್ತಿ ಒಲಿದಿರಲಿಲ್ಲ. ಆ ವರ್ಷದ ಡಿಸೆಂಬರ್‌ನಲ್ಲಿ ವೈಲ್ಡ್ ಕಾರ್ಡ್‌ಗಾಗಿ (ರ್‍ಯಾಂಕಿಂಗ್ ಸಾಲದವರಿಗೆ ಆಯೋಜಕರು ಕೊಡುವ ನೇರ ಪ್ರವೇಶ) ನಡೆದ ಪ್ಲೇಆಫ್ ಗೆದ್ದು, 2012ರ ಆಸ್ಟ್ರೇಲಿಯನ್ ಓಪನ್‌ನ ಮುಖ್ಯ ಸುತ್ತಿನಲ್ಲೂ ಆಡಿದರು. ಅದೇ ವರ್ಷ ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್‌ನಲ್ಲೂ ಅವಕಾಶ ಸಿಕ್ಕಿತು. ಮೂರೂ ಕಡೆ ಮೊದಲ ಸುತ್ತಿನಲ್ಲೇ ಸೋತರು. ಪೆಟ್ರಾ ಕ್ವಿಟೋವಾ, ರಾಬರ್ಟಾ ವಿಂಚಿ ಅವರಂಥ ಅನುಭವಿಗಳ ಎದುರು ಹದಿನಾರರ ಹುಡುಗಿ ಸೋತದ್ದು ಸಹಜವೇ. ಆದರೆ ಆಸ್ಟ್ರೇಲಿಯಾದ ಟೆನಿಸ್ ಪ್ರೇಮಿಗಳು ಆಗಲೇ ಅವರಲ್ಲಿ ಮುಂದಿನ ಚಾಂಪಿಯನ್‌ಳನ್ನು ಹುಡುಕತೊಡಗಿದ್ದರು.

2013ರಲ್ಲಿ ಈ ನಿರೀಕ್ಷೆ ಇನ್ನಷ್ಟು ಏರಿತು. ತಮಗಿಂತ ಹನ್ನೊಂದು ವರ್ಷ ಹಿರಿಯರಾದ, ಪರ್ತ್‌ನ ಎಡಗೈ ಆಟಗಾರ್ತಿ ಕೇಸಿ ಡೆಲಾಕ್ವಾ ಜೊತೆಗೂಡಿ ಬಾರ್ಟಿ ಆಸ್ಟ್ರೇಲಿಯನ್ ಓಪನ್, ವಿಂಬಲ್ಡನ್ ಮತ್ತು ಅಮೆರಿಕ ಓಪನ್ ಈ ಮೂರರಲ್ಲೂ ಡಬಲ್ಸ್ ಫೈನಲ್ ತಲುಪಿದರು. ಮೂರನ್ನೂ ಸೋತರು. ಆದರೂ ಹದಿನೇಳು ತುಂಬುವ ಹೊತ್ತಿನ ಹುಡುಗಿಗೆ ಅದು ಅಸಾಧಾರಣ ಸಾಧನೆ. ಡಬಲ್ಸ್ ರ್‍ಯಾಂಕಿಂಗ್‌ನಲ್ಲಿ ಮೊದಲ ಇಪ್ಪತ್ತರೊಳಗೆ ಬಂದ ಅದೇ ಆಟಗಾರ್ತಿ ಸಿಂಗಲ್ಸ್‌ನಲ್ಲಿ ಮೊದಲ ನೂರರೊಳಗೂ ಬಂದಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಚುರುಕಾದ ಕೈ, ನೆಟ್ ಬಳಿಯ ಜಾಣ್ಮೆ, ಪಕ್ಕದಲ್ಲಿ ಧೈರ್ಯ ಹೇಳುವ ಹಿರಿಯ ಜೊತೆಗಾರ್ತಿ ಇದ್ದರೆ ಡಬಲ್ಸ್‌ನಲ್ಲಿ ಬೇಗ ಮೇಲೇರಬಹುದು. ಸಿಂಗಲ್ಸ್ ಕೇಳುವ ದೇಹಬಲವಾಗಲಿ, ವಾರಗಟ್ಟಲೆ ಒಬ್ಬಂಟಿಯಾಗಿ ಸೋಲು ನುಂಗಿಕೊಳ್ಳುವ ಗಟ್ಟಿತನವಾಗಲಿ ಆ ವಯಸ್ಸಿಗೆ ಬಂದಿರುವುದಿಲ್ಲ. ದೊಡ್ಡ ಕೋರ್ಟ್‌ಗಳಲ್ಲಿ ಹೆಸರು ಮೊಳಗುತ್ತಿದ್ದಾಗಲೇ ಸಿಂಗಲ್ಸ್‌ನಲ್ಲಿ ಅವರು ಅರ್ಹತಾ ಸುತ್ತುಗಳಲ್ಲಿ ಹೆಣಗುತ್ತಿದ್ದರು.

ಇದಕ್ಕೆ ಆಸ್ಟ್ರೇಲಿಯಾದ ಆಟಗಾರರಿಗೆ ಮಾತ್ರ ಇಷ್ಟು ತೀವ್ರವಾಗಿ ತಟ್ಟುವ ಇನ್ನೊಂದು ಕಷ್ಟವೂ ಸೇರಿತ್ತು. ಜನವರಿಯಲ್ಲಿ ತವರಿನ ಟೂರ್ನಿಗಳು ಮುಗಿದರೆ ವರ್ಷದ ಬಹುಭಾಗ ಹೊರಗೇ ಕಳೆಯಬೇಕು: ವಸಂತದಲ್ಲಿ ಯುರೋಪಿನ ಮಣ್ಣಿನ ಅಂಕಣ, ಜೂನ್‌ನಲ್ಲಿ ಇಂಗ್ಲೆಂಡಿನ ಹುಲ್ಲು, ಬಳಿಕ ಅಮೆರಿಕ, ಆಮೇಲೆ ಏಷ್ಯಾ. ಸ್ಪೇನ್ ಅಥವಾ ಜೆಕ್ ಗಣರಾಜ್ಯದ ಹುಡುಗಿ ಮೊದಲ ಸುತ್ತಿನಲ್ಲಿ ಸೋತರೆ ಎರಡು ಮೂರು ಗಂಟೆಗಳ ವಿಮಾನಯಾನದಲ್ಲಿ ಮನೆ ಸೇರಿ, ನಾಲ್ಕು ದಿನ ಇದ್ದು ಮರಳಬಹುದು. ಬ್ರಿಸ್ಬೇನ್‌ನವರಿಗೆ ಲಂಡನ್‌ನಿಂದ ಮನೆಗೆ ಹೋಗುವುದೇ ಸುಮಾರು ಒಂದು ದಿನದ ಪ್ರಯಾಣ; ಆದ್ದರಿಂದ ಸೋತ ಮೇಲೂ ಹೋಟೆಲ್ ಕೋಣೆಯಲ್ಲೇ ಮುಂದಿನ ವಾರಕ್ಕಾಗಿ ಕಾಯಬೇಕು. ತಂದೆ, ತಾಯಿ, ಇಬ್ಬರು ಅಕ್ಕಂದಿರೊಂದಿಗೆ ಬಹಳ ಹಚ್ಚಿಕೊಂಡು ಬೆಳೆದ ಬಾರ್ಟಿಗೆ ಮನೆಯ ನೆನಪು ತೀವ್ರವಾಗಿ ಕಾಡುತ್ತಿತ್ತು. ಆ ದಿನಗಳಲ್ಲಿ ತಾವು ಖಿನ್ನತೆಯಿಂದ ಬಳಲುತ್ತಿದ್ದುದನ್ನು ಅವರೇ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಹದಿನೆಂಟು ತುಂಬದ ಆಟಗಾರ್ತಿಯರು ವರ್ಷಕ್ಕೆ ಇಂತಿಷ್ಟೇ ವೃತ್ತಿಪರ ಟೂರ್ನಿ ಆಡಬೇಕೆಂಬ ನಿಯಮ ಮಹಿಳಾ ಟೆನಿಸ್‌ನಲ್ಲಿ 1990ರ ದಶಕದ ಮಧ್ಯದಿಂದ ಇದೆ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ ಅವರಂಥ ಬಾಲಪ್ರತಿಭೆಗಳು ಬೇಗನೆ ಬಳಲಿ ಬಿದ್ದದ್ದನ್ನು ನೋಡಿ ಮಾಡಿದ ನಿಯಮವದು. ಅದು ಒಳ್ಳೆಯ ನಿಯಮವೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಟೂರ್ನಿಗಳ ಲೆಕ್ಕಕ್ಕೆ ಅದು ಮಿತಿ ಹಾಕಬಲ್ಲುದೇ ಹೊರತು, ಒಂದಿಡೀ ದೇಶದ ನಿರೀಕ್ಷೆಗಾಗಲಿ, ಮನೆಯಿಂದ ದೂರ ಕಳೆಯುವ ತಿಂಗಳುಗಳಿಗಾಗಲಿ ಮಿತಿ ಹಾಕಲಾರದು. ಎಲ್ಲವೂ ತೀರಾ ಬೇಗ ನಡೆದುಹೋಯಿತು, ಸಾಮಾನ್ಯ ಹುಡುಗಿಯಂತೆ ಸ್ವಲ್ಪ ಕಾಲ ಬದುಕಬೇಕು ಎಂಬುದು ಬಾರ್ಟಿ ಕೊಟ್ಟ ವಿವರಣೆಯ ಸಾರ. ಏಳು ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದ, ಸ್ವತಃ ಮೂಲನಿವಾಸಿ ಸಮುದಾಯದವರಾದ ಇವಾನ್ ಗೂಲಗಾಂಗ್ ಆಗ ಅವರಿಗೊಂದು ಸಂದೇಶ ಕಳುಹಿಸಿ, ಒಳ್ಳೆಯ ನಿರ್ಧಾರ ಮಾಡಿದ್ದೀಯ, ಹೋಗಿ ಗಾಳ ಹಾಕಿ ಮೀನು ಹಿಡಿ ಎಂದಿದ್ದರು. ಮೀನು ಹಿಡಿಯುವುದು ಬಾರ್ಟಿಗೆ ತೀರಾ ಪ್ರಿಯವಾದ ಹವ್ಯಾಸ. ಮತ್ತೆ ಯಾವಾಗ ಬರುತ್ತೀಯೆಂದು ಕೇಳದ ಆ ಹಿರಿಯರ ಔದಾರ್ಯ ದೊಡ್ಡದು.

ಕ್ರಿಕೆಟ್ ಬಂದದ್ದು ಇದಾದ ಮೇಲೆ. 2015ರ ಆರಂಭದಲ್ಲಿ ಆಸ್ಟ್ರೇಲಿಯಾದ ಮಹಿಳಾ ಕ್ರಿಕೆಟ್ ತಂಡದವರೊಂದಿಗೆ ವೃತ್ತಿಪರ ಕ್ರೀಡಾಳುವಿನ ಬದುಕಿನ ಬಗ್ಗೆ ಮಾತನಾಡಲು ಹೋಗಿದ್ದ ಬಾರ್ಟಿಗೆ ಆಟದ ಬಗ್ಗೆ ಆಸಕ್ತಿ ಹುಟ್ಟಿತು. ಬಳಿಕ ಅವರು ಕ್ವೀನ್ಸ್‌ಲ್ಯಾಂಡ್ ಮತ್ತು ಬ್ರಿಸ್ಬೇನ್ ಹೀಟ್ ತಂಡಗಳ ಕೋಚ್ ಆ್ಯಂಡಿ ರಿಚರ್ಡ್ಸ್ ಅವರನ್ನು ಸಂಪರ್ಕಿಸಿದರು. ಕ್ಲಬ್ ಕ್ರಿಕೆಟ್‌ನಲ್ಲಿ ಪಳಗಿ, ಆಸ್ಟ್ರೇಲಿಯಾದ ಟಿ20 ಟೂರ್ನಿಯಾದ ಮಹಿಳೆಯರ ಬಿಗ್ ಬ್ಯಾಷ್ ಲೀಗ್‌ನ ಚೊಚ್ಚಲ ಆವೃತ್ತಿಯಲ್ಲಿ ಬ್ರಿಸ್ಬೇನ್ ಹೀಟ್ ಪರ ಆಡಿದ ಮೊದಲ ಪಂದ್ಯದಲ್ಲೇ ಮೆಲ್ಬರ್ನ್ ಸ್ಟಾರ್ಸ್ ವಿರುದ್ಧ 27 ಎಸೆತಗಳಲ್ಲಿ 39 ರನ್ ಗಳಿಸಿದರು. ಮುಂದಿನ ಪಂದ್ಯಗಳಲ್ಲಿ ಅಂಥ ಇನಿಂಗ್ಸ್ ಮತ್ತೆ ಬರಲಿಲ್ಲ. ಆದರೆ ತಮ್ಮ ಊರಿನಲ್ಲಿದ್ದುಕೊಂಡು, ಗೆಳತಿಯರ ಜೊತೆ ಅಭ್ಯಾಸ ಮಾಡಿ, ಸೋಲನ್ನು ಹನ್ನೊಂದು ಮಂದಿ ಹಂಚಿಕೊಳ್ಳುವ ಆಟವೊಂದು ಆ ಹೊತ್ತಿನಲ್ಲಿ ಅವರಿಗೆ ಸಿಕ್ಕಿತು.

2016ರ ಫೆಬ್ರುವರಿಯಲ್ಲಿ ಅವರು ಟೆನಿಸ್‌ಗೆ ಮರಳಿದರು. ಅದಕ್ಕೆ ಡೆಲಾಕ್ವಾ ಅವರ ಒತ್ತಾಸೆಯೂ ಕಾರಣ. ಇಲ್ಲಿಂದ ಪ್ರಶ್ನೆಯ ಎರಡನೇ ಭಾಗಕ್ಕೆ ಉತ್ತರ ಸಿಗುತ್ತದೆ. ಟೆನಿಸ್ ರ್‍ಯಾಂಕಿಂಗ್‌ನಲ್ಲಿ ಹಿಂದಿನ 52 ವಾರಗಳ ಅಂಕಗಳಷ್ಟೇ ಲೆಕ್ಕಕ್ಕೆ ಬರುವುದರಿಂದ ಬಾರ್ಟಿ ಹಿಂದೆ ಗಳಿಸಿದ್ದೆಲ್ಲ ಅಳಿಸಿಹೋಗಿತ್ತು. ಗ್ರ್ಯಾನ್‌ಸ್ಲಾಮ್ ಫೈನಲ್ ಆಡಿದವರು ಮತ್ತೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಸಣ್ಣ ಟೂರ್ನಿಗಳಿಂದ, ಮೊದಲು ಡಬಲ್ಸ್ ಆಡುತ್ತಾ, ಆರಂಭಿಸಬೇಕಾಯಿತು. ಅಷ್ಟರಲ್ಲಿ ತೋಳಿನ ಮೂಳೆಯ ನೋವೂ ಕಾಡಿತು. ಆ ವರ್ಷದ ಕೊನೆಗೆ ಸಿಂಗಲ್ಸ್‌ನಲ್ಲಿ ಅವರ ಸ್ಥಾನ 325. ಲೆಕ್ಕದ ದೃಷ್ಟಿಯಿಂದ ನೋಡಿದರೆ ಇದು ನಷ್ಟವೇ ಸರಿ.

ಆದರೆ ಹೊಸ ಕೋಚ್ ಕ್ರೇಗ್ ಟೈಜರ್ ಜೊತೆ ಅವರು ಕಟ್ಟಿಕೊಂಡ ಆಟ ಹಳೆಯದಕ್ಕಿಂತ ಗಟ್ಟಿಯಾಗಿತ್ತು. 2017ರ ಮಾರ್ಚ್‌ನಲ್ಲಿ ಕ್ವಾಲಾಲಂಪುರದ ಮಲೇಷ್ಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನಿಂದ ಆಡಿಬಂದ ಬಾರ್ಟಿ, ಜಪಾನಿನ ನಾವೊ ಹಿಬಿನೊ ಅವರನ್ನು ಸೋಲಿಸಿ ಮಹಿಳಾ ವೃತ್ತಿಪರ ಟೆನಿಸ್‌ನ ಮುಖ್ಯ ಸರಣಿಯಾದ ಡಬ್ಲ್ಯುಟಿಎಯಲ್ಲಿ ಮೊದಲ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಡೆಲಾಕ್ವಾ ಜೊತೆ ಡಬಲ್ಸ್ ಪ್ರಶಸ್ತಿಯನ್ನೂ ಅದೇ ವಾರ ಪಡೆದರು. ಹದಿಹರೆಯದಲ್ಲಿ ಕೈಗೆಟುಕದ ಮೊದಲ ನೂರರೊಳಗಿನ ಸ್ಥಾನ ದಕ್ಕಿದ್ದು ಆಗಲೇ. ಆ ವರ್ಷವೇ ಬರ್ಮಿಂಗ್‌ಹ್ಯಾಮ್ ಮತ್ತು ವುಹಾನ್‌ನಲ್ಲಿ ಫೈನಲ್ ತಲುಪಿದರು. ವುಹಾನ್ ಸೆಮಿಫೈನಲ್‌ನಲ್ಲಿ ಅವರಿಗೆ ಸೋತವರು ಅದೇ ವರ್ಷದ ಫ್ರೆಂಚ್ ಓಪನ್ ಚಾಂಪಿಯನ್ ಯೆಲೆನಾ ಒಸ್ಟಾಪೆಂಕೊ. ವರ್ಷ ಮುಗಿದಾಗ ಬಾರ್ಟಿ ವಿಶ್ವದ 17ನೇ ಸ್ಥಾನದಲ್ಲಿದ್ದರು. 2019ರ ಜೂನ್‌ನಲ್ಲಿ ಫ್ರೆಂಚ್ ಓಪನ್ ಗೆದ್ದು ಅದೇ ತಿಂಗಳು ಅಗ್ರಸ್ಥಾನಕ್ಕೇರಿದರು. ಬಿಡದೆ ಆಡಿದ್ದರೆ ಇನ್ನೂ ಬೇಗ ಅಲ್ಲಿಗೆ ತಲುಪುತ್ತಿದ್ದರೆಂದು ವಾದಿಸುವವರಿದ್ದಾರೆ. 2014ರ ಅವರ ಸ್ಥಿತಿಯನ್ನು ನೋಡಿದರೆ, ಬಿಡದಿದ್ದರೆ ಅವರು ಅಲ್ಲಿಗೆ ತಲುಪುತ್ತಲೇ ಇರಲಿಲ್ಲ ಎಂಬುದೇ ನನ್ನ ಅಭಿಪ್ರಾಯ.